ಜಾಗತಿಕ ಅಧ್ಯಯನದ ಜೊತೆಗೆ ದತ್ತಾಂಶ: ಈ ಆನರ್ಸ್‌ಗೆ ಸೇರಲೇ, ಬೇಡವೇ?

ಎರಡನೇವರ್ಷದವಳು:
ಎಲ್ಲರಿಗೂ ನಮಸ್ಕಾರ. ನಾನು ಜಾಗತಿಕ ಅಧ್ಯಯನ ಓದುತ್ತಿರುವ ಎರಡನೇ ವರ್ಷದ ಪದವಿ ವಿದ್ಯಾರ್ಥಿನಿ. ನಮ್ಮ ವಿಭಾಗ ಆನರ್ಸ್ ಕಾರ್ಯಕ್ರಮವೊಂದಕ್ಕೆ ಅರ್ಜಿ ಕರೆದಿದೆ. ವಲಸೆ, ವ್ಯಾಪಾರ, ಹವಾಮಾನ, ಸಾರ್ವಜನಿಕ ಆರೋಗ್ಯದಂಥ ವಿಷಯಗಳು ಹೇಗೂ ಇವೆ. ಅವುಗಳ ಜೊತೆಗೆ ಸಂಖ್ಯಾಶಾಸ್ತ್ರದ ಎರಡು ಪತ್ರಿಕೆ, ಪ್ರೋಗ್ರಾಮಿಂಗ್ ಒಂದು, ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವುದು ಒಂದು, ಒಂದು ವಿದೇಶಿ ಭಾಷೆ, ಕೊನೆಯ ವರ್ಷ ಸ್ವಂತ ಸಂಶೋಧನಾ ಪ್ರಬಂಧ. ಇಡೀ ತರಗತಿಗೆ ಹದಿನೆಂಟೇ ಜನ.

ಆಸೆ ತುಂಬಾ ಇದೆ, ಭಯವೂ ಅಷ್ಟೇ ಇದೆ. ಗಣಿತ ಬಿಟ್ಟು ನಾಲ್ಕು ವರ್ಷವಾಯಿತು. ಅಂಕ ಕುಸಿದರೆ ಸ್ನಾತಕೋತ್ತರಕ್ಕೆ ತೊಂದರೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ದೋಣಿಯ ಮೇಲೆ ಕಾಲಿಟ್ಟಂತಾಗಿ ಅತ್ತ ರಾಜಕೀಯ, ಇತಿಹಾಸವೂ ಗಟ್ಟಿಯಾಗದೆ, ಇತ್ತ ಪ್ರೋಗ್ರಾಮಿಂಗೂ ಬಾರದೆ ಉಳಿದರೆ? ಅರ್ಜಿಗೆ ಇನ್ನು ಹತ್ತು ದಿನವಿದೆ. ಇಂಥದ್ದನ್ನು ಓದಿದವರು, ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೆಳಗಿನಓದುಗ:
ಸೇರಿ. ಕಣ್ಣು ಮುಚ್ಚಿಕೊಂಡು ಸೇರಿ.

ಮೂರನೇಬೆಂಚು:
ಕಣ್ಣು ಮುಚ್ಚಿಕೊಂಡು ಯಾಕೆ ಸೇರಬೇಕು? ಪಠ್ಯಕ್ರಮ ನೋಡಿ, ಯಾರು ಕಲಿಸುತ್ತಾರೆ ಎಂದು ಕೇಳಿ, ಆಮೇಲೆ ಸೇರಲಿ.

ಸಂಕೇತಲಿಪಿ:
ನಾನು ಹನ್ನೊಂದು ವರ್ಷದಿಂದ ತಂತ್ರಾಂಶ ಬರೆಯುವವನು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪ್ರೋಗ್ರಾಮಿಂಗ್ ಭಾಷೆಗಳಾದ ಪೈಥಾನ್ ಉಚಿತ, ಆರ್ ಉಚಿತ, ನಕ್ಷೆಗೆ ಕ್ಯೂಜಿಐಎಸ್ ತಂತ್ರಾಂಶ ಉಚಿತ. ದಿನಕ್ಕೆ ಎರಡು ಗಂಟೆ ಕುಳಿತರೆ ಆರು ತಿಂಗಳಲ್ಲಿ ಕೆಲಸಕ್ಕೆ ಬೇಕಾದಷ್ಟು ಬರುತ್ತದೆ. ಅದಕ್ಕಾಗಿ ಪದವಿಯ ಅಂಕವನ್ನು ಪಣಕ್ಕಿಡುವುದು ಬೇಡ. ಜಾಗತಿಕ ಅಧ್ಯಯನವನ್ನು ಚೆನ್ನಾಗಿ ಮುಗಿಸಿ, ಉಪಕರಣಗಳನ್ನು ರಜೆಯಲ್ಲಿ ಕಲಿಯಿರಿ.

ಹಳೆಯವಿದ್ಯಾರ್ಥಿನಿ:
ಸಂಕೇತಲಿಪಿ ಅವರೇ, ಉಪಕರಣ ಕಲಿಯುವುದರ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಇಂಥ ಕಾರ್ಯಕ್ರಮದಲ್ಲಿ ಸಿಗುವುದು ಉಪಕರಣ ಮಾತ್ರ ಎಂಬುದನ್ನು ನಾನು ಒಪ್ಪುವುದಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಓದಿದ್ದು ಇಂಥದ್ದೇ ಆನರ್ಸ್. ನನ್ನ ಪ್ರಬಂಧದ ವಿಷಯ ಆಫ್ರಿಕದ ದಕ್ಷಿಣ ಭಾಗದ ದೇಶಗಳಲ್ಲಿ ಶುದ್ಧ ನೀರಿನ ಲಭ್ಯತೆ. ಎರಡು ಪಟ್ಟಿಗಳನ್ನು ದೇಶದ ಎರಡಕ್ಷರದ ಸಂಕೇತದ ಆಧಾರದ ಮೇಲೆ ಜೋಡಿಸಿದ್ದೆ. ಒಂದೂ ದೋಷ ಸೂಚನೆ ಬರಲಿಲ್ಲ. ರೇಖಾಚಿತ್ರ ಚೆಂದವಾಗಿ ಮೂಡಿತು. ಎರಡು ವಾರ ಅದರ ಮೇಲೆಯೇ ಬರೆದೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಗಣಕ ವಿಭಾಗದ ಗೆಳೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ, ಎಲ್ಲವೂ ಸರಿಯಾಗಿದೆ ಎಂದ.

ನನ್ನ ಮಾರ್ಗದರ್ಶಕಿ ಆ ಪ್ರದೇಶದಲ್ಲಿ ವರ್ಷಗಟ್ಟಲೆ ಓಡಾಡಿದವರು, ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದವರು. ಚಿತ್ರವನ್ನು ಕೈಗೆ ತೆಗೆದುಕೊಂಡರು, ಬೆರಳಿನಿಂದ ಹೆಸರುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದರು, ನಂತರ ಕೇಳಿದರು: "ನಮೀಬಿಯ ಎಲ್ಲಿ?"

ಇರಲಿಲ್ಲ! ನಮೀಬಿಯದ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತ ಎನ್ ಮತ್ತು ಎ. ದತ್ತಾಂಶ ಓದುವ ಹಲವು ತಂತ್ರಾಂಶಗಳಿಗೆ ಅದೇ ಎರಡಕ್ಷರದ ಅರ್ಥ "ಮಾಹಿತಿ ಇಲ್ಲ". ಮಾಹಿತಿ ಇಲ್ಲದ ಸಾಲುಗಳನ್ನು ತೆಗೆದುಹಾಕು ಎಂದು ನಾನೇ ಆಜ್ಞೆ ಕೊಟ್ಟಿದ್ದೆ. ಇಡೀ ದೇಶ ಸದ್ದಿಲ್ಲದೆ ಹೊರಗೆ ಹೋಗಿತ್ತು.

ಆ ದಿನದಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಇರಬೇಕಾದದ್ದು ಇಲ್ಲ ಎಂಬುದನ್ನು ಗಮನಿಸಲು ಅಲ್ಲಿ ಏನಿದೆ ಎಂದು ಮೊದಲೇ ಗೊತ್ತಿರಬೇಕು.

ಸಂಕೇತಲಿಪಿ:
ನಮೀಬಿಯದ ಸಮಸ್ಯೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವಂಥದ್ದು. ಕಡತ ಓದುವಾಗಲೇ ಒಂದು ಆಯ್ಕೆಯನ್ನು ಬದಲಾಯಿಸಿದರೆ ಮುಗಿಯಿತು. ಜೋಡಿಸುವ ಮೊದಲು ಎಷ್ಟು ಸಾಲು, ಜೋಡಿಸಿದ ಮೇಲೆ ಎಷ್ಟು ಎಂದು ಎಣಿಸುವುದು ಮೊದಲ ಪಾಠ. ಅದನ್ನು ಮಾಡದಿರುವುದು ಕಸುಬಿನ ದೋಷ. ಭೂಗೋಳದ ಜ್ಞಾನಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಳೆಯವಿದ್ಯಾರ್ಥಿನಿ:
ಎಣಿಸಬೇಕಿತ್ತು, ಒಪ್ಪಿದೆ. ಎಣಿಸಿದ್ದರೆ ಒಂದು ಕಡಿಮೆ ಎಂದು ತಿಳಿಯುತ್ತಿತ್ತು. ಆದರೆ ಸಾಲು ಕಡಿಮೆಯಾಗದೆಯೂ ತಪ್ಪಾಗುತ್ತದಲ್ಲ? ದೇಶದ ಹೆಸರಿನ ಮೇಲೆ ಜೋಡಿಸಲು ಹೋಗಿ ನೋಡಿ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಯಿತು. ಕಾಂಗೋ ಎಂಬ ಹೆಸರಿನಲ್ಲಿ ಎರಡು ದೇಶಗಳಿವೆ. ಎರಡನ್ನು ಅದಲುಬದಲು ಮಾಡಿದರೂ ಸಾಲುಗಳ ಸಂಖ್ಯೆ ಸರಿಯಾಗಿಯೇ ಬರುತ್ತದೆ.

ನಕ್ಷೆಗಾರ:
ಇದಕ್ಕೆ ಇನ್ನೊಂದು ಸೇರಿಸಿ. ಒಬ್ಬ ವಿದ್ಯಾರ್ಥಿ ನನ್ನ ಬಳಿ ಬಂದು, 2011ರಲ್ಲಿ ಸುಡಾನಿನ ಜನಸಂಖ್ಯೆ ಒಮ್ಮೆಲೇ ಕುಸಿದಿದೆ, ಏನು ಅನಾಹುತವಾಗಿತ್ತು ಎಂದು ಕೇಳಿದ. ಆ ವರ್ಷದ ಜುಲೈನಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಅವನ ಪಟ್ಟಿ ಅಲ್ಲಿಯವರೆಗೆ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿತ್ತು, ಅಷ್ಟೇ.

ಪಾಠಮಾಡುವವರು:
ನಾನು ಇಂಥ ಕಾರ್ಯಕ್ರಮದಲ್ಲಿ ಕಲಿಸುತ್ತೇನೆ. ತಂಗಿ, ಮೊದಲು ಗಣಿತದ ಭಯದ ಬಗ್ಗೆ. ಪದವಿ ಹಂತದ ಇಂಥ ಆನರ್ಸ್‌ಗೆ ಬೇಕಾಗುವುದು ಸರಾಸರಿ, ಹರವು, ಸಂಭವನೀಯತೆ, ಮಾದರಿ ಆಯ್ಕೆ, ಹಿಂಚಲನೆ (ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ), ಲಾಗರಿದಮ್ ಅಳತೆಯನ್ನು ಓದುವ ಅಭ್ಯಾಸ. ಕಲನಶಾಸ್ತ್ರ ಅಲ್ಲಲ್ಲಿ ಇಣುಕುತ್ತದೆ, ಅಷ್ಟೇ. ಮೊದಲ ತಿಂಗಳು ಕಷ್ಟವಾಗುತ್ತದೆ. ನನ್ನ ಅನುಭವದಲ್ಲಿ ಹಿಂದೆ ಬೀಳುವವರು ಗಣಿತ ಮರೆತವರಲ್ಲ, ಗೊತ್ತಾಗಲಿಲ್ಲ ಎಂದು ಕೈ ಎತ್ತಲು ಹಿಂಜರಿಯುವವರು.

ಎರಡನೆಯದು, ಎರಡೂ ಅರೆಬರೆ ಆಗುತ್ತದೆಯೇ ಎಂಬ ಪ್ರಶ್ನೆ. ನಾನು ತರಗತಿಯಲ್ಲಿ ಕೊಡುವ ಒಂದು ಉದಾಹರಣೆ ಕೇಳಿ. 2010ರಲ್ಲಿ ಘಾನಾ ತನ್ನ ಒಟ್ಟು ದೇಶೀಯ ಉತ್ಪನ್ನದ ಲೆಕ್ಕವನ್ನು ಪರಿಷ್ಕರಿಸಿತು. ಆರ್ಥಿಕತೆಯ ಗಾತ್ರ ಸುಮಾರು ಶೇ. 60ರಷ್ಟು ಏರಿತು. 2014ರಲ್ಲಿ ನೈಜೀರಿಯ ಅದೇ ಕೆಲಸ ಮಾಡಿದಾಗ ಏರಿಕೆ ಸುಮಾರು ಶೇ. 89, ದಕ್ಷಿಣ ಆಫ್ರಿಕವನ್ನು ಹಿಂದಿಕ್ಕಿ ಖಂಡದ ಅತಿ ದೊಡ್ಡ ಆರ್ಥಿಕತೆ ಎನಿಸಿಕೊಂಡಿತು. ಆ ರಾತ್ರಿ ಅಲ್ಲಿನ ಜನರ ಬದುಕಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಆಧಾರ ವರ್ಷ, ಅಂದರೆ ಲೆಕ್ಕಕ್ಕೆ ಬುನಾದಿಯಾಗಿ ಇಟ್ಟುಕೊಂಡ ವರ್ಷ. ನೈಜೀರಿಯ ಅದುವರೆಗೆ 1990ರ ರಚನೆಯನ್ನೇ ಹಿಡಿದುಕೊಂಡು ಲೆಕ್ಕ ಹಾಕುತ್ತಿತ್ತು. ಮೊಬೈಲ್ ಸೇವೆ, ಚಲನಚಿತ್ರ ಉದ್ಯಮ ಇವೆಲ್ಲ ಬೆಳೆದು ನಿಂತದ್ದು ಆ ಲೆಕ್ಕದಲ್ಲಿ ಸರಿಯಾಗಿ ಬಂದಿರಲಿಲ್ಲ.

ಸಂಖ್ಯಾಶಾಸ್ತ್ರ ಮಾತ್ರ ಬಲ್ಲವನು ಆ ಜಿಗಿತವನ್ನು ಕಂಡು ಉಳಿದವುಗಳಿಂದ ತೀರಾ ದೂರ ನಿಂತ ಬಿಂದುವೆಂದು ಅಳಿಸಬಹುದು. ರಾಜಕೀಯ ಮಾತ್ರ ಬಲ್ಲವನು ಅದನ್ನು ಸರ್ಕಾರದ ಸಾಧನೆ ಎಂದೋ ಮೋಸ ಎಂದೋ ಬರೆಯಬಹುದು. ಎಣಿಸಿದವರು ಯಾರು, ಯಾವಾಗ, ಯಾವುದನ್ನು ಬಿಟ್ಟರು ಎಂದು ಕೇಳಿ, ಉತ್ತರವನ್ನು ತಾನೇ ಕಡತದಲ್ಲಿ ಹುಡುಕಬಲ್ಲ ವಿದ್ಯಾರ್ಥಿ ನನಗೆ ಬೇಕು. ಅದನ್ನು ಅರೆಬರೆ ಎಂದು ನಾನು ಕರೆಯುವುದಿಲ್ಲ.

ಅರ್ಧಕ್ಕೆಬಿಟ್ಟವನು:
ಇಲ್ಲಿ ಎಲ್ಲರೂ ಚೆನ್ನಾಗಿಯೇ ಹೇಳುತ್ತಿದ್ದೀರಿ. ಇನ್ನೊಂದು ಮಗ್ಗುಲೂ ಇದೆ. ನಾನು ಇಂಥದ್ದೇ ಕಾರ್ಯಕ್ರಮವನ್ನು ಮೂರು ಸೆಮಿಸ್ಟರ್ ಓದಿ ಬಿಟ್ಟೆ. ಹೆಸರು ಬೇಡ. ಅಲ್ಲಿ ಎರಡು ವಿಭಾಗಗಳ ಪಠ್ಯವನ್ನು ತಂದು ಒಂದೇ ಹೊದಿಕೆ ಹಾಕಿದ್ದರು. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಹೂವಿನ ದಳಗಳ ಉದ್ದಗಲವನ್ನೇ ಅಳೆದೆವು; ವಲಸೆಯ ಒಂದು ಪಟ್ಟಿಯನ್ನೂ ತೆರೆಯಲಿಲ್ಲ. ಇತ್ತ ಜಾಗತಿಕ ರಾಜಕೀಯದ ತರಗತಿಯಲ್ಲಿ ಒಂದು ಅಂಕಿಯೂ ಇಲ್ಲ. ನನ್ನ ಪ್ರಬಂಧದ ವಿಷಯ ಬಲ್ಲವರಿಗೆ ನನ್ನ ಪ್ರೋಗ್ರಾಮ್ ತೆರೆಯಲು ಬರುತ್ತಿರಲಿಲ್ಲ, ತೆರೆಯಬಲ್ಲವರಿಗೆ ವಿಷಯ ಬೇಕಿರಲಿಲ್ಲ. ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಒಂದು ವರ್ಷ ಅಲೆದೆ. ಯಾರೂ ಕೆಟ್ಟವರಲ್ಲ. ಆ ಎರಡು ವಿಭಾಗಗಳು ಒಮ್ಮೆಯೂ ಎದುರುಬದುರು ಕುಳಿತು ಮಾತನಾಡಿರಲಿಲ್ಲ.

ಮೂರನೇಬೆಂಚು:
ನಾನು ಹೇಳಿದ್ದೂ ಇದನ್ನೇ. ಹೊದಿಕೆಯ ಹೆಸರನ್ನು ನಂಬಬೇಡಿ.

ಪಾಠಮಾಡುವವರು:
ಅರ್ಧಕ್ಕೆ ಬಿಟ್ಟವರೇ, ನೀವು ಬರೆದದ್ದನ್ನು ಓದಿ ನೋವಾಯಿತು. ಇದು ಅಪರೂಪವೂ ಅಲ್ಲ. ತಂಗಿ, ಹಾಗಾಗಿ ಅರ್ಜಿ ಹಾಕುವ ಮೊದಲು ಸಂಯೋಜಕರನ್ನು ನೇರವಾಗಿ ಕಂಡು ಕೇಳು. ಇಬ್ಬರು ಅಧ್ಯಾಪಕರು ಒಟ್ಟಿಗೆ ನಡೆಸುವ ವಿಚಾರಗೋಷ್ಠಿ ಇದೆಯೇ? ಪ್ರಬಂಧಕ್ಕೆ ಎರಡೂ ಕಡೆಯ ಮಾರ್ಗದರ್ಶಕರು ಇರುತ್ತಾರೆಯೇ? ಹಿಂದಿನ ವರ್ಷಗಳ ಪ್ರಬಂಧಗಳನ್ನು ತೋರಿಸುತ್ತಾರೆಯೇ? ಮೂರನೆಯದನ್ನು ಮರೆಯಬೇಡ. ನಾಲ್ಕು ಪ್ರಬಂಧ ಓದಿದರೆ ಪಠ್ಯಕ್ರಮದ ನಲವತ್ತು ಪುಟ ಹೇಳದ್ದು ತಿಳಿಯುತ್ತದೆ.

ಗ್ರಂಥಾಲಯದಮೂಲೆ:
"ಆನರ್ಸ್" ಎಂಬ ಪದದ ಬಗ್ಗೆಯೂ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಸಾಮಾನ್ಯ ಪದವಿಯೇ ಬಹುಪಾಲು ಆನರ್ಸ್. ಆಸ್ಟ್ರೇಲಿಯದಲ್ಲಿ ಅದು ಸಾಮಾನ್ಯವಾಗಿ ಪದವಿಯ ಮೇಲಿನ ಇನ್ನೊಂದು ವರ್ಷ. ಅಮೆರಿಕದಲ್ಲಿ ಪದವಿಯ ಒಳಗೇ ಆಯ್ದ ಕೆಲವರಿಗೆ ನಡೆಸುವ ಚಿಕ್ಕ ತರಗತಿ. ಈ ಮೂರನೆಯ ಬಗೆಗೆ ದಾರಿ ಹಾಕಿಕೊಟ್ಟವುಗಳಲ್ಲಿ ಮುಖ್ಯವಾದದ್ದು ಸ್ವಾರ್ತ್‌ಮೋರ್ ಕಾಲೇಜು. ಫ್ರಾಂಕ್ ಐಡೆಲಾಟ್ ಅಧ್ಯಕ್ಷರಾಗಿದ್ದಾಗ 1922ರಲ್ಲಿ ಶುರುವಾಯಿತು. ಅವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಉಪನ್ಯಾಸಕ್ಕಿಂತ ಚರ್ಚೆ ಹೆಚ್ಚು. ಕೊನೆಯಲ್ಲಿ ಪರೀಕ್ಷೆ ಮಾಡುವವರು ಹೊರಗಿನಿಂದ ಬಂದವರು. ನಿಮ್ಮಲ್ಲಿ ಪ್ರಬಂಧವನ್ನು ಹೊರಗಿನವರು ಓದುತ್ತಾರೆಯೇ ಎಂಬುದೂ ಒಳ್ಳೆಯ ಪ್ರಶ್ನೆ.

ಎರಡನೇವರ್ಷದವಳು:
ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಳೆಯವಿದ್ಯಾರ್ಥಿನಿ ಅಕ್ಕ, ನಮೀಬಿಯದ ಕಥೆಯನ್ನು ನನ್ನ ಕೋಣೆಯ ಗೆಳತಿಗೂ ಓದಿ ಹೇಳಿದೆ. ಸೋಮವಾರ ಸಂಯೋಜಕರನ್ನು ಕಾಣುತ್ತೇನೆ.

ಅಂಕಿಅಂಶ:
ಸಂಕೇತಲಿಪಿ ಅವರ ಮಾತಿಗೆ ಬರುತ್ತೇನೆ. ಉಪಕರಣವನ್ನು ಒಬ್ಬರೇ ಕಲಿಯಬಹುದು. ಇನ್ನೊಬ್ಬರ ಲೆಕ್ಕವನ್ನು ಮರಳಿ ಮಾಡಿ ನೋಡುವ ಅಭ್ಯಾಸ ಒಬ್ಬರೇ ಕುಳಿತಾಗ ಬರುವುದು ಕಷ್ಟ, ತರಗತಿ ಬೇಕು. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, ಸರ್ಕಾರದ ಸಾಲ ಒಟ್ಟು ಉತ್ಪನ್ನದ ಶೇ. 90 ದಾಟಿದ ದೇಶಗಳ ಬೆಳವಣಿಗೆ ಸರಾಸರಿ ಶೇ. -0.1 ಎಂದು ಬರೆದರು. ಸರ್ಕಾರಗಳು ಖರ್ಚು ಕಡಿತಕ್ಕೆ ಅದನ್ನು ಉದ್ಧರಿಸಿದವು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯಲ್ಲಿ ಕೊಟ್ಟ ಕೆಲಸ, ಪ್ರಕಟವಾದ ಯಾವುದಾದರೂ ಲೆಕ್ಕವನ್ನು ಮರಳಿ ಮಾಡಿ ನೋಡು ಎಂಬುದು. ಅವನಿಗೆ ಉತ್ತರ ಕೂಡಿಬರಲಿಲ್ಲ. ಲೇಖಕರನ್ನೇ ಕೇಳಿ ಅವರ ಎಕ್ಸೆಲ್ ಕಡತ ತರಿಸಿಕೊಂಡ. ಸರಾಸರಿ ತೆಗೆಯುವ ಸೂತ್ರ ಐದು ದೇಶಗಳ ಸಾಲುಗಳನ್ನು ಮುಟ್ಟಿಯೇ ಇರಲಿಲ್ಲ! ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್. 2013ರಲ್ಲಿ ಅವನೂ ಅವನ ಇಬ್ಬರು ಅಧ್ಯಾಪಕರೂ ಪ್ರಕಟಿಸಿದ ಲೆಕ್ಕದಲ್ಲಿ ಅದೇ ಸರಾಸರಿ ಶೇ. 2.2.

ಲೆಕ್ಕದಮಾಸ್ತರ:
ಒಂದು ತಿದ್ದುಪಡಿ. ಈ ಕಥೆಯನ್ನು ಎಲ್ಲರೂ ಎಕ್ಸೆಲ್ ತಪ್ಪು ಎಂದೇ ಹೇಳುತ್ತಾರೆ. ಆ ಐದು ದೇಶಗಳಿಂದ ಆದ ವ್ಯತ್ಯಾಸ ಚಿಕ್ಕದು. ಲಭ್ಯವಿದ್ದ ಕೆಲವು ವರ್ಷಗಳನ್ನು ಬಿಟ್ಟದ್ದು ಮತ್ತು ತೂಕ ಕೊಟ್ಟ ರೀತಿ ದೊಡ್ಡವು. ನ್ಯೂಜಿಲೆಂಡಿನ 1951 ಎಂಬ ಒಂದೇ ಒಂದು ಕೆಟ್ಟ ವರ್ಷಕ್ಕೂ ಬ್ರಿಟನ್ನಿನ 19 ವರ್ಷಗಳಿಗೂ ಸಮ ತೂಕ ಸಿಕ್ಕಿತ್ತು. ಸೂತ್ರದ ತಪ್ಪು ಕಣ್ಣಿಗೆ ಬೀಳುತ್ತದೆ. ತೂಕದ ತೀರ್ಮಾನ ಹಾಗೆ ಬೀಳುವುದಿಲ್ಲ, ಯಾಕೆಂದರೆ ಅದನ್ನು ಸಮರ್ಥಿಸಿಕೊಳ್ಳಲೂ ಬರುತ್ತದೆ.

ಅಂಕಿಅಂಶ:
ಸರಿ, ಅದನ್ನು ನಾನು ಬಿಡಬಾರದಿತ್ತು. ಧನ್ಯವಾದ.

ಸಂಕೇತಲಿಪಿ:
ಇದು ಒಳ್ಳೆಯ ಉದಾಹರಣೆ, ಒಪ್ಪುತ್ತೇನೆ. ಆದರೂ ಇದು ಅರ್ಥಶಾಸ್ತ್ರದ ತರಗತಿಯಲ್ಲೇ ನಡೆದದ್ದು, ಆನರ್ಸ್ ಎಂಬ ಹೆಸರಿನ ಮಿಶ್ರಣದಲ್ಲಿ ಅಲ್ಲ.

ಪದಗಳಮೋಹ:
ಸ್ವಲ್ಪ ಹೊರಗಿನ ಮಾತು. "ದತ್ತಾಂಶ" ಎಂಬ ನಮ್ಮ ಪದವನ್ನು ಗಮನಿಸಿದ್ದೀರಾ? ದತ್ತ ಎಂದರೆ ಕೊಟ್ಟದ್ದು. ಲ್ಯಾಟಿನ್ ಮೂಲದ "ಡೇಟಾ"ಕ್ಕೂ ಅದೇ ಅರ್ಥ. ಆದರೆ ಇಲ್ಲಿ ಹೇಳಿದ ಒಂದೂ ಯಾರೋ ಕೊಟ್ಟದ್ದಲ್ಲ. ಮನೆ ಬಾಗಿಲು ತಟ್ಟಿ ಕೇಳಿದ್ದು, ಎಣಿಸಿದ್ದು, ಕೆಲವನ್ನು ಬಿಟ್ಟದ್ದು. ಈ ಪದ ನನಗೆ ಬಹಳ ದಿನದಿಂದ ಮುಳ್ಳಿನಂತೆ ಚುಚ್ಚುತ್ತಿದೆ.

ಬೆಳಗಿನಓದುಗ:
"ಮಾಹಿತಿ" ಸಾಲದೇ?

ಪದಗಳಮೋಹ:
ಸಾಲದು. ದತ್ತಾಂಶಕ್ಕೆ ಅರ್ಥ ಹಚ್ಚಿದ ಮೇಲೆ ಅದು ಮಾಹಿತಿ. ಎರಡನ್ನೂ ಒಂದೇ ಪದದಿಂದ ಕರೆದರೆ ನಡುವಿನ ಕೆಲಸವೇ ಮರೆಯಾಗುತ್ತದೆ.

ಕ್ಷೇತ್ರಕಾರ್ಯ:
ಪದಗಳಮೋಹ ಅವರು ಹೊರಗಿನ ಮಾತು ಎಂದರು, ನನಗೆ ಇದೇ ಒಳಗಿನ ಮಾತು. ನಾನು ನಿರಾಶ್ರಿತರ ನಡುವೆ ಸಂದರ್ಶನ ಮಾಡುವವಳು. ಒಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಉತ್ತರ ಬರುವ ಮೊದಲು ಒಂದು ಮೌನವಿರುತ್ತದೆ. ಕಾಣೆಯಾದ ಮಗನನ್ನು ಸೇರಿಸಬೇಕೋ ಬೇಡವೋ ಎಂದು ಅವರು ಯೋಚಿಸುತ್ತಿರುತ್ತಾರೆ. ನಾವು ಬರೆಯುವುದು ಐದೋ ಆರೋ ಎಂಬ ಅಂಕಿಯನ್ನು. ದತ್ತಾಂಶ ಕಲಿಸುವ ಕಾರ್ಯಕ್ರಮಗಳು ಸಂದರ್ಶನ, ಭಾಷೆ, ಒಪ್ಪಿಗೆ ಪಡೆಯುವ ರೀತಿ ಇವುಗಳನ್ನು ಬದಿಗೆ ಸರಿಸಿದರೆ ನನಗೆ ಕೋಪ ಬರುತ್ತದೆ. ನಿಮ್ಮ ಪಠ್ಯಕ್ರಮದಲ್ಲಿ ಸಂಶೋಧನಾ ನೀತಿಯ ಪತ್ರಿಕೆ ಇಲ್ಲದಿದ್ದರೆ ಯಾಕಿಲ್ಲ ಎಂದು ಖಂಡಿತ ಕೇಳಿ. ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಒಂದು ಹಳ್ಳಿಯಲ್ಲಿ ಆ ಭಾಷೆಯಾಡುವ ಕುಟುಂಬ ಒಂದೇ ಇದ್ದರೆ, ಪಟ್ಟಿ ನೋಡಿದ ಯಾರಿಗಾದರೂ ಅದು ಯಾರೆಂದು ತಿಳಿಯುತ್ತದೆ.

ನಕ್ಷೆಗಾರ:
ನಕ್ಷೆಯ ಪತ್ರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ನನ್ನದೊಂದು ಕೋರಿಕೆ. ಮರ್ಕೇಟರ್ 1569ರಲ್ಲಿ ತನ್ನ ನಕ್ಷೆಯನ್ನು ಮಾಡಿದ್ದು ನಾವಿಕರಿಗಾಗಿ, ದಿಕ್ಕು ತಪ್ಪದಿರಲಿ ಎಂದು. ಆ ಕೆಲಸಕ್ಕೆ ಅದು ಅದ್ಭುತ. ಅದೇ ನಕ್ಷೆಯ ಮೇಲೆ ದೇಶಗಳಿಗೆ ಬಣ್ಣ ತುಂಬಿ ಬಡತನವನ್ನೋ ರೋಗವನ್ನೋ ತೋರಿಸಿದರೆ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕ ಸುಮಾರು 14 ಪಟ್ಟು ದೊಡ್ಡದು. ಬಣ್ಣ ತುಂಬುವುದಿದ್ದರೆ ಸಮವಿಸ್ತೀರ್ಣದ ನಕ್ಷೆಯನ್ನೇ ಆರಿಸಿಕೊಳ್ಳಿ.

ಮೂರನೇಬೆಂಚು:
ಪ್ರಶ್ನೆ ಅಂಕ ಕುಸಿಯುವುದರ ಬಗ್ಗೆಯೂ ಇತ್ತು. ಅದಕ್ಕೆ ಯಾರೂ ಉತ್ತರಿಸಲಿಲ್ಲ.

ಹಳೆಯವಿದ್ಯಾರ್ಥಿನಿ:
ನನ್ನ ಅಂಕ ಮೊದಲ ವರ್ಷ ಕುಸಿದಿತ್ತು, ಮುಚ್ಚಿಡುವುದಿಲ್ಲ. ಸಂಖ್ಯಾಶಾಸ್ತ್ರದ ಮೊದಲ ಪತ್ರಿಕೆಯಲ್ಲಿ ತೇರ್ಗಡೆಯಾದದ್ದೇ ಹೆಚ್ಚು. ಆದರೆ ಸ್ನಾತಕೋತ್ತರದ ಸಂದರ್ಶನದಲ್ಲಿ ಅಂಕಪಟ್ಟಿಯ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಪ್ರಬಂಧದ ಬಗ್ಗೆ ನಲವತ್ತು ನಿಮಿಷ ಮಾತನಾಡಿದರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ಅಂಕವನ್ನಷ್ಟೇ ನೋಡಿ ಜರಡಿ ಹಿಡಿಯುವ ಕಡೆಗಳೂ ಇವೆ. ನಡುವೆ ಬಿಟ್ಟು ಸಾಮಾನ್ಯ ಪದವಿಗೆ ಮರಳಲು ಅವಕಾಶವಿದೆಯೇ, ಆಗ ಈ ಅಂಕಗಳು ಏನಾಗುತ್ತವೆ ಎಂದು ಬರಹದಲ್ಲಿಯೇ ಪಡೆದುಕೊ.

ಎರಡನೇವರ್ಷದವಳು:
ಸಂಯೋಜಕರನ್ನು ಕಂಡು ಬಂದೆ. ಇಬ್ಬರು ಅಧ್ಯಾಪಕರು ಒಟ್ಟಿಗೆ ನಡೆಸುವ ಗೋಷ್ಠಿ ವಾರಕ್ಕೊಮ್ಮೆ ಇದೆ. ಪ್ರಬಂಧಕ್ಕೆ ಇಬ್ಬರು ಮಾರ್ಗದರ್ಶಕರು, ಹೊರಗಿನ ಓದುಗರು ಒಬ್ಬರು. ಮೊದಲ ವರ್ಷದ ಕೊನೆಯಲ್ಲಿ ಬಿಟ್ಟರೆ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಐಚ್ಛಿಕ ಎಂದು ಬದಲಾಯಿಸಿಕೊಳ್ಳಬಹುದು. ಅದನ್ನು ಇಮೇಲ್‌ನಲ್ಲಿ ಬರೆದು ಕಳುಹಿಸಿದ್ದಾರೆ. ಸಂಶೋಧನಾ ನೀತಿಗೆ ಪ್ರತ್ಯೇಕ ಪತ್ರಿಕೆ ಇಲ್ಲ. ಯಾಕಿಲ್ಲ ಎಂದು ಕೇಳಿದೆ. ಎರಡು ವಾರದ ಪಾಠವಿದೆ ಎಂದರು. ಅದು ನನಗೆ ಸಾಕೆನಿಸಲಿಲ್ಲ, ಹೇಳಿ ಬಂದಿದ್ದೇನೆ.

ಐದು ಹಳೆಯ ಪ್ರಬಂಧಗಳನ್ನು ಕೊಟ್ಟರು. ಮೂರು ನಿಜಕ್ಕೂ ಚೆನ್ನಾಗಿವೆ. ಎರಡರಲ್ಲಿ ಚಿತ್ರಗಳು ಮಾತ್ರ ಇವೆ, ಆ ದೇಶದಲ್ಲಿ ಏನಾಯಿತು ಎಂದು ಒಂದು ಪುಟವೂ ಇಲ್ಲ.

ಇನ್ನೊಂದು ಹೇಳಬೇಕು. ನಿನ್ನೆ ರಾತ್ರಿ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮೊದಲ ಬಾರಿಗೆ ಒಂದು ಪಟ್ಟಿಯನ್ನು ತಂತ್ರಾಂಶದಲ್ಲಿ ತೆರೆದೆವು. ಆಫ್ರಿಕದ 54 ದೇಶಗಳು, ಎರಡಕ್ಷರದ ಸಂಕೇತದೊಂದಿಗೆ. ಸಂಕೇತಗಳನ್ನು ಎಣಿಸು ಎಂದೆ. 53 ಎಂದಿತು. ಇಬ್ಬರೂ ಒಟ್ಟಿಗೆ ಕೂಗಿದೆವು, ಪಕ್ಕದ ಕೋಣೆಯವರು ಬಂದು ಬಾಗಿಲು ತಟ್ಟಿದರು.

ಸಂಕೇತಲಿಪಿ:
ಮೊದಲ ದಿನವೇ ಎಣಿಸಿ ನೋಡಿದಿರಲ್ಲ, ನನಗೆ ಅದು ಬಹಳ ಸಂತೋಷ ಕೊಟ್ಟಿತು. ಕಡತ ಓದುವಾಗ ಆ ಎರಡಕ್ಷರವನ್ನು ಪಠ್ಯವೆಂದೇ ಇಟ್ಟುಕೊ ಎಂದು ಸೂಚಿಸುವ ಆಯ್ಕೆ ಇರುತ್ತದೆ, ಸಹಾಯ ಪುಟದಲ್ಲಿ ಹುಡುಕಿ. ಸಿಗದಿದ್ದರೆ ಇಲ್ಲಿಯೇ ಕೇಳಿ. ಸೇರುವುದು ಬೇಡ ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಬ್ಬರು ಮಾರ್ಗದರ್ಶಕರು ಇದ್ದಾರೆ ಎಂಬುದೇ ನನಗೆ ಸಾಕು.

ಅರ್ಧಕ್ಕೆಬಿಟ್ಟವನು:
ವಾರಕ್ಕೊಮ್ಮೆ ಗೋಷ್ಠಿ ಎಂದರೆ ನಮಗಿಂತ ಎಷ್ಟೋ ಮೇಲು. ಹೋಗಿ.

ಕ್ಷೇತ್ರಕಾರ್ಯ:
ಹೇಳಿ ಬಂದದ್ದು ಒಳ್ಳೆಯದಾಯಿತು. ಯಾವ ಭಾಷೆ ತೆಗೆದುಕೊಳ್ಳುತ್ತೀರಿ?

ಎರಡನೇವರ್ಷದವಳು:
ಅರ್ಜಿ ಹಾಕಿದೆ. ಭಾಷೆ ಫ್ರೆಂಚ್ ಎಂದು ಬರೆದಿದ್ದೇನೆ. ಸೆನೆಗಲ್‌ನಿಂದ ಹೊರದೇಶಕ್ಕೆ ಹೋದವರು ಮನೆಗೆ ಕಳುಹಿಸುವ ಹಣದ ಬಗ್ಗೆ ಪ್ರಬಂಧ ಮಾಡಬೇಕೆಂಬ ಆಸೆ.

ಕ್ಷೇತ್ರಕಾರ್ಯ:
ಫ್ರೆಂಚ್ ಅಲ್ಲಿನ ಅಧಿಕೃತ ಭಾಷೆ. ಬೀದಿಯಲ್ಲಿ, ಮನೆಯಲ್ಲಿ ಹೆಚ್ಚು ಕೇಳುವುದು ವೊಲೊಫ್. ಎರಡನೆಯ ವರ್ಷಕ್ಕಾದರೂ ಅದನ್ನು ಸ್ವಲ್ಪ ಕಲಿಯಿರಿ.

ಪಾಠಮಾಡುವವರು:
ಒಳ್ಳೆಯ ವಿಷಯ, ತಂಗಿ. ವಿಶ್ವಬ್ಯಾಂಕಿನ ಪಟ್ಟಿಯನ್ನು ತೆರೆದ ಕೂಡಲೇ ಅದರ ವಿವರಣೆಯ ಪುಟವನ್ನು ಓದು. ಬ್ಯಾಂಕಿನ ಮೂಲಕ ಬಂದ ಹಣ ಅಲ್ಲಿರುತ್ತದೆ. ಊರಿಗೆ ಹೊರಟ ನೆಂಟನ ಜೇಬಿನಲ್ಲಿ ಹೋದದ್ದು ಎಲ್ಲಿದೆ ಎಂದು ಹುಡುಕುವುದರಿಂದ ಶುರುಮಾಡು.

ಎರಡನೇವರ್ಷದವಳು:
ಬರೆದಿಟ್ಟುಕೊಂಡೆ, ಸರ್. ಆಯ್ಕೆಯ ಪಟ್ಟಿ ಮುಂದಿನ ತಿಂಗಳು ಬರುತ್ತದೆ. ಬಂದ ಮೇಲೆ ಇಲ್ಲಿಗೇ ತಿಳಿಸುತ್ತೇನೆ.